ಕಲ್ಲಿನ ಪದರಗಳಲ್ಲಿ ದೇವರನ್ನು ಮನೆಗೆ ತಂದ ರವಿವರ್ಮ

ಚನ್ನಗಿರಿಯ ಅಡಿಕೆ ಮಂಡಿ, ಹೊನ್ನಾಳಿಯ ಹೊಳೆದಂಡೆಯ ಹಳೆಯ ತೊಟ್ಟಿಮನೆ, ನ್ಯಾಮತಿಯ ಕಿರಾಣಿ ಅಂಗಡಿ, ಜಗಳೂರಿನ ಬಸ್ ನಿಲ್ದಾಣದ ಪಕ್ಕದ ಹೋಟೆಲು. ಈ ನಾಲ್ಕೂ ಊರುಗಳಲ್ಲಿ ಎಲ್ಲಿಗೆ ಹೋದರೂ ಗಲ್ಲಾಪೆಟ್ಟಿಗೆಯ ಮೇಲೆ, ದೇವರ ಕೋಣೆಯ ಗೋಡೆಯ ಮೇಲೆ ಕಾಣುವ ಲಕ್ಷ್ಮಿ ಬಹುಮಟ್ಟಿಗೆ ಒಬ್ಬಳೇ. ತಾವರೆಯ ಮೇಲೆ ನಿಂತವಳು, ನಾಲ್ಕು ಕೈಗಳವಳು, ಪಕ್ಕದಲ್ಲಿ ಸೊಂಡಿಲಿನಲ್ಲಿ ಹಾರ ಹಿಡಿದ ಆನೆ. ಸರಸ್ವತಿಯೂ ಅಷ್ಟೇ. ಬಿಳಿಯ ಸೀರೆ, ತೊಡೆಯ ಮೇಲೆ ವೀಣೆ, ಬಳಿಯಲ್ಲಿ ನವಿಲು. ಚೌಕಟ್ಟು ಹೊಸದಿರಬಹುದು, ಬಣ್ಣ ಕಡುವಾಗಿರಬಹುದು, ಸುತ್ತ ಮಿನುಗುವ ವಿದ್ಯುದ್ದೀಪಗಳ ಸರವೂ ಇರಬಹುದು. ಆದರೆ ಆ ನಿಲುವು, ಆ ನೋಟ, ಸೀರೆಯ ಆ ನೆರಿಗೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಚಿತ್ರಕಾರ ಕಂಡುಕೊಂಡದ್ದು.

ಇದೇ ಊರುಗಳ ಫೋಟೋ ಸ್ಟುಡಿಯೋಗಳಲ್ಲಿ, ಫ್ಲೆಕ್ಸ್ ಅಂಗಡಿಗಳಲ್ಲಿ ಇಂದು ಕಂಪ್ಯೂಟರಿನ ಮುಂದೆ ಕುಳಿತ ಯುವಕರು ದಿನವೂ ಒಂದು ಕೆಲಸ ಮಾಡುತ್ತಾರೆ. ಮದುವೆಯ ಚಿತ್ರವನ್ನು ಫೋಟೋಶಾಪಿನಲ್ಲಿ ತೆರೆದು, ಅದರ ಮೇಲೆ ಒಂದು ಪದರ ಹಾಸಿ, ಆ ಪದರಕ್ಕೆ ಹೊಂಬಣ್ಣ ತುಂಬಿ, ಅದನ್ನು ಅರೆಪಾರದರ್ಶಕವಾಗಿಸಿ, ಬೇಡದ ಕಡೆ ಅಳಿಸುತ್ತಾರೆ. ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಕಡೆಗೆ ಎಲ್ಲವೂ ಸೇರಿ ಕಣ್ಣಿಗೆ ಒಂದೇ ಚಿತ್ರವಾಗಿ ಕಾಣುತ್ತದೆ. ಪದರಗಳ ಈ ಸೌಲಭ್ಯ ಫೋಟೋಶಾಪ್ ತಂತ್ರಾಂಶಕ್ಕೆ ಬಂದದ್ದು 1994ರಲ್ಲಿ, ಅದರ ಮೂರನೆಯ ಆವೃತ್ತಿಯೊಂದಿಗೆ. ಅದಕ್ಕೆ ಸರಿಯಾಗಿ ನೂರು ವರ್ಷ ಮೊದಲು, 1894ರಲ್ಲಿ, ಮುಂಬಯಿಯ ಗಿರಗಾಂವಿನಲ್ಲಿ ಇದೇ ಕೆಲಸವನ್ನು ಭಾರವಾದ ಕಲ್ಲುಗಳ ಮೇಲೆ ಮಾಡುವ ಮುದ್ರಣಾಲಯವೊಂದು ತನ್ನ ಮೊದಲ ಚಿತ್ರವನ್ನು ಹೊರತಂದಿತ್ತು. ಅದರ ಒಡೆಯರೇ ಆ ಲಕ್ಷ್ಮಿಯನ್ನೂ ಸರಸ್ವತಿಯನ್ನೂ ಬರೆದ ರಾಜಾ ರವಿವರ್ಮ. ಆ ಯಂತ್ರಗಳು ಅವರಿಗೆ ಮನೆಮನೆಯಲ್ಲಿ ಹೆಸರು ತಂದವು. ಕೈಯಲ್ಲಿದ್ದ ಹಣವನ್ನೂ ಸ್ವಂತ ಚಿತ್ರಗಳ ಮೇಲಿನ ಹಿಡಿತವನ್ನೂ ಕಸಿದುಕೊಂಡವು.

ಕಿಳಿಮಾನೂರಿನ ಹುಡುಗ

ರವಿವರ್ಮ ಹುಟ್ಟಿದ್ದು 1848ರ ಏಪ್ರಿಲ್ 29ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಕಿಳಿಮಾನೂರು ಅರಮನೆಯಲ್ಲಿ. ತಂದೆ ಏಳುಮಾವಿಲ್ ನೀಲಕಂಠನ್ ಭಟ್ಟತಿರಿಪಾಡ್ ಸಂಸ್ಕೃತ ಬಲ್ಲವರು. ತಾಯಿ ಉಮಯಾಂಬಾ ಸಾಹಿತ್ಯಾಸಕ್ತೆ. ಮನೆಯಲ್ಲಿ ಸಂಗೀತ, ಕಥಕಳಿ, ಪುರಾಣಗಳ ಪಠಣ ನಿತ್ಯದ ಸಂಗತಿಗಳಾಗಿದ್ದವು. ಸೋದರಮಾವ ರಾಜರಾಜವರ್ಮ ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯುತ್ತಿದ್ದರು. ಹುಡುಗನ ಕೈಯಲ್ಲಿದ್ದ ಗುಣವನ್ನು ಮೊದಲು ಗುರುತಿಸಿದವರು ಅವರೇ.

ಹದಿನಾಲ್ಕರ ಹರೆಯದಲ್ಲಿ, 1862ರಲ್ಲಿ, ರವಿವರ್ಮ ಮಾವನೊಡನೆ ತಿರುವನಂತಪುರ ಸೇರಿದರು. ಮಹಾರಾಜ ಆಯಿಲ್ಯಂ ತಿರುನಾಳ್ ಹುಡುಗನಿಗೆ ಆಶ್ರಯವಿತ್ತರು. ಅರಮನೆಯ ಚಿತ್ರಕಾರ ರಾಮಸ್ವಾಮಿ ನಾಯ್ಡು ಅವರಿಂದ ಜಲವರ್ಣದ ಪರಿಚಯವಾಯಿತು. ಆದರೆ ಆ ಹೊತ್ತಿಗೆ ಹೊಸದಾಗಿ ಬಂದಿದ್ದ ತೈಲವರ್ಣದ ಗುಟ್ಟನ್ನು ಬಿಟ್ಟುಕೊಡಲು ನಾಯ್ಡು ಅವರು ಸಿದ್ಧರಿರಲಿಲ್ಲ. 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಐರೋಪ್ಯ ಭಾವಚಿತ್ರಕಾರ ಅರಮನೆಗೆ ಬಂದರು. ಅವರೂ ಪಾಠ ಹೇಳಲಿಲ್ಲ. ತಾವು ಕೆಲಸ ಮಾಡುವಾಗ ನೋಡಲು ಮಾತ್ರ ಬಿಟ್ಟರು. ರವಿವರ್ಮರಿಗೆ ದೊರೆತದ್ದು ಅಷ್ಟೇ. ಉಳಿದದ್ದನ್ನು ಅವರು ತಮ್ಮ ಕಣ್ಣಿನಿಂದ, ತಪ್ಪುಗಳಿಂದ, ಮತ್ತೆ ಮತ್ತೆ ಬರೆದು ಕಲಿತರು.

ತೈಲವರ್ಣದ ಸ್ವಭಾವವೇ ಬೇರೆ. ಜಲವರ್ಣ ಬೇಗ ಒಣಗುತ್ತದೆ, ತಪ್ಪನ್ನು ತಿದ್ದಲು ಸಮಯ ಕೊಡುವುದಿಲ್ಲ. ತೈಲವರ್ಣ ನಿಧಾನವಾಗಿ ಆರುತ್ತದೆ. ಕೆಳಗೆ ನೆರಳು ಬೆಳಕಿನ ಒಂದು ಲೇಪ, ಅದು ಆರಿದ ಮೇಲೆ ತೆಳುವಾದ, ಗಾಜಿನಂತಹ ಇನ್ನೊಂದು ಬಣ್ಣ, ಅದರ ಮೇಲೆ ಮತ್ತೊಂದು ಹೀಗೆ ಪದರ ಪದರವಾಗಿ ಕಟ್ಟಬಹುದು. ಬೆಳಕು ಮೇಲಿನ ಪದರವನ್ನು ದಾಟಿ ಕೆಳಗಿನದನ್ನು ಮುಟ್ಟಿ ಮರಳುತ್ತದೆ. ರವಿವರ್ಮರ ನಾಯಿಕೆಯರ ಮೈಬಣ್ಣದಲ್ಲಿ, ರೇಷ್ಮೆಯ ಮಡಿಕೆಗಳಲ್ಲಿ, ಚಿನ್ನದ ಆಭರಣಗಳ ಹೊಳಪಿನಲ್ಲಿ ಕಾಣುವ ಆಳ ಈ ತಾಳ್ಮೆಯ ಫಲ.

ಕೊಲ್ಲೂರಿನ ದಾರಿಯಲ್ಲಿ

ಕರ್ನಾಟಕದೊಂದಿಗೆ ರವಿವರ್ಮರ ನಂಟು ಅವರ ವೃತ್ತಿಜೀವನದ ಹೊಸ್ತಿಲಲ್ಲೇ ಆರಂಭವಾಗುತ್ತದೆ. 1870ರಲ್ಲಿ ಅವರು ಕೊಲ್ಲೂರಿಗೆ ಯಾತ್ರೆ ಹೋಗಿ ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತ ಕೈಗೊಂಡರು. ಮರಳುವ ದಾರಿಯಲ್ಲಿ ಕಲ್ಲಿಕೋಟೆಯ ನ್ಯಾಯಾಧಿಕಾರಿ ಕಿಳಕ್ಕೆ ಪಾಲಾಟ್ ಕೃಷ್ಣ ಮೆನನ್ ಅವರ ಕುಟುಂಬದ ಚಿತ್ರ ಬರೆದುಕೊಡುವ ಕೆಲಸ ದೊರೆಯಿತು. ಹಣ ಪಡೆದು ಅವರು ಮಾಡಿದ ಮೊದಲ ಕೆಲಸ ಅದು. ರಾಜಮನೆತನಕ್ಕೆ ಸೇರಿದವನೊಬ್ಬ ಚಿತ್ರ ಬರೆದು ಸಂಪಾದಿಸುವುದು ಆ ಕಾಲದಲ್ಲಿ ಸಣ್ಣ ಮಾತಾಗಿರಲಿಲ್ಲ.

ಮುಂದಿನ ಮೂರು ವರ್ಷಗಳಲ್ಲಿ ಹೆಸರು ಹರಡಿತು. 1873ರ ಮದರಾಸು ಕಲಾ ಪ್ರದರ್ಶನದಲ್ಲಿ, ಮುಡಿಗೆ ಮಲ್ಲಿಗೆ ಮುಡಿಯುವ ನಾಯರ್ ಮಹಿಳೆಯ ಚಿತ್ರಕ್ಕೆ ಗವರ್ನರ್ ಚಿನ್ನದ ಪದಕ ಸಂದಿತು. ಅದೇ ವರ್ಷ ವಿಯೆನ್ನಾದ ಅಂತರರಾಷ್ಟ್ರೀಯ ಪ್ರದರ್ಶನದಲ್ಲೂ ಮನ್ನಣೆ ದೊರೆಯಿತು. 1876ರಲ್ಲಿ ದುಷ್ಯಂತನಿಗೆ ಓಲೆ ಬರೆಯುವ ಶಕುಂತಲೆಯನ್ನು ಚಿತ್ರಿಸಿದಾಗ ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್ ಅದನ್ನು ಕೊಂಡರು. ಶಾಕುಂತಲವನ್ನು ಇಂಗ್ಲಿಷಿಗೆ ತಂದ ಮೋನಿಯರ್ ವಿಲಿಯಮ್ಸ್ ಅವರ ಪುಸ್ತಕದಲ್ಲಿ ಅದೇ ಚಿತ್ರ ಮುಖಚಿತ್ರವಾಗಿ ಕಾಣಿಸಿಕೊಂಡಿತು.

1880ರಲ್ಲಿ ಆಯಿಲ್ಯಂ ತಿರುನಾಳ್ ತೀರಿಕೊಂಡರು. ಅವರ ನಂತರ ಬಂದ ಅರಸರ ಕಾಲದಲ್ಲಿ ರವಿವರ್ಮರಿಗೆ ತಿರುವನಂತಪುರದಲ್ಲಿ ಹಿಂದಿನ ಆದರ ಉಳಿಯಲಿಲ್ಲ. ಆಶ್ರಯ ತಪ್ಪಿದ್ದು ಒಂದು ರೀತಿಯಲ್ಲಿ ಒಳಿತೇ ಆಯಿತು. ಅವರು ಊರೂರು ಸುತ್ತುವ ಕಲಾವಿದರಾದರು. ಜೊತೆಗೆ ತಮ್ಮ ಸಿ. ರಾಜರಾಜವರ್ಮ. ಸ್ವತಃ ಒಳ್ಳೆಯ ಚಿತ್ರಕಾರರಾಗಿದ್ದ ಆ ತಮ್ಮ ಅಣ್ಣನ ಚಿತ್ರಗಳ ಹಿನ್ನೆಲೆಯ ದೃಶ್ಯಗಳನ್ನು ಬರೆಯುತ್ತಿದ್ದರು, ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದರು, ದಿನಚರಿ ಬರೆದಿಡುತ್ತಿದ್ದರು. ತಂಗಿ ಮಂಗಳಾಬಾಯಿ ಕೂಡ ಕುಂಚ ಹಿಡಿದವರು.

1885ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅವರ ಆಹ್ವಾನದ ಮೇರೆಗೆ ರವಿವರ್ಮ ಮೈಸೂರಿಗೆ ಬಂದರು. ಅರಸು ಮನೆತನದವರ ಭಾವಚಿತ್ರಗಳನ್ನು ಬರೆದರು. ಬೇರೆ ಬೇರೆ ಪ್ರಾಂತ್ಯಗಳ ಉಡುಗೆ ತೊಟ್ಟ ಹೆಣ್ಣುಮಕ್ಕಳು ಒಟ್ಟಾಗಿ ಕುಳಿತು ವಾದ್ಯ ನುಡಿಸುವ ಪ್ರಸಿದ್ಧ ಚಿತ್ರವೂ ಮೈಸೂರಿನ ಅರಸರಿಗಾಗಿ ಬರೆದದ್ದೇ. ಚನ್ನಗಿರಿ, ಹೊನ್ನಾಳಿ, ಜಗಳೂರು ಆಗ ಇದೇ ಮೈಸೂರು ಸಂಸ್ಥಾನದ ಸೀಮೆಗಳು. ಮೊದಲೆರಡು ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ದಾವಣಗೆರೆ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ನ್ಯಾಮತಿ ಪ್ರತ್ಯೇಕ ತಾಲ್ಲೂಕಾದದ್ದು ಇನ್ನೂ ಈಚೆಗೆ. ಅರಸರು ಕೊಟ್ಟ ಹಣದಿಂದ ಸಿದ್ಧವಾದ ಆ ಚಿತ್ರಗಳನ್ನು ಈ ಸೀಮೆಯ ಪ್ರಜೆಗಳು ಕಾಣುವ ಬಗೆ ಮಾತ್ರ ಇರಲಿಲ್ಲ. ಅರಮನೆಯ ಗೋಡೆ ಅರಮನೆಯವರದು.

ಒಂದು ಸಲಹೆ, ಹತ್ತು ವರ್ಷಗಳ ಯೋಚನೆ

ಈ ಕೊರತೆಯನ್ನು ಗುರುತಿಸಿದವರು ಸರ್ ಟಿ. ಮಾಧವರಾವ್. ತಿರುವಾಂಕೂರಿನ ದಿವಾನರಾಗಿ, ಬಳಿಕ ಬರೋಡಾದ ದಿವಾನರಾಗಿ ಕೆಲಸ ಮಾಡಿದ್ದ ಅವರು 1884ರಲ್ಲಿ ರವಿವರ್ಮರಿಗೆ ಪತ್ರ ಬರೆದು, ಚಿತ್ರಗಳಿಗೆ ಬೇಡಿಕೆ ಬಹಳವಿದೆ, ಒಂದು ಜೊತೆ ಕೈಗಳಿಂದ ಅದನ್ನು ಪೂರೈಸಲಾಗದು, ಆಯ್ದ ಕೆಲವನ್ನು ಯೂರೋಪಿಗೆ ಕಳುಹಿಸಿ ವರ್ಣಮುದ್ರಣ ಮಾಡಿಸುವುದು ಲೇಸೆಂದು ಸೂಚಿಸಿದರು. ಅದರಿಂದ ಕೀರ್ತಿಯೂ ಹರಡುತ್ತದೆ, ದೇಶಕ್ಕೂ ಉಪಕಾರವಾಗುತ್ತದೆ ಎಂಬುದು ಅವರ ಅಭಿಪ್ರಾಯ.

ರವಿವರ್ಮ ಕೂಡಲೇ ಆ ದಾರಿ ಹಿಡಿಯಲಿಲ್ಲ. 1888ರಲ್ಲಿ ಬರೋಡಾದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡ್ ಅವರು ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ಕುರಿತ ಹದಿನಾಲ್ಕು ಚಿತ್ರಗಳ ದೊಡ್ಡ ಕೆಲಸ ಒಪ್ಪಿಸಿದರು. ಸೋದರರು ಉತ್ತರ ಭಾರತದಲ್ಲಿ ಪ್ರವಾಸ ಮಾಡಿ ಉಡುಗೆ ತೊಡುಗೆ, ಕಟ್ಟಡ, ಮುಖಚರ್ಯೆಗಳನ್ನು ಗಮನಿಸಿದರು. ಸಿದ್ಧವಾದ ಚಿತ್ರಗಳು ಬರೋಡಾ ಅರಮನೆ ಸೇರುವ ಮೊದಲು ತಿರುವನಂತಪುರದಲ್ಲೂ ಮುಂಬಯಿಯಲ್ಲೂ ಪ್ರದರ್ಶನಗೊಂಡವು. ಜನ ಕಿಕ್ಕಿರಿದು ಬಂದರು. ತಾವು ಕಥೆಯಲ್ಲಿ ಕೇಳಿದ್ದ ನಳ ದಮಯಂತಿಯರನ್ನು ನಮ್ಮ ನಿಮ್ಮಂತಹ ಮೈಮುಖವುಳ್ಳವರನ್ನಾಗಿ ನೋಡುವುದು ಅವರಿಗೆ ಹೊಸ ಅನುಭವ. ಆ ಜನಸಂದಣಿಯೇ ಮಾಧವರಾಯರ ಸಲಹೆಗೆ ದೊರೆತ ಸಮರ್ಥನೆ. 1893ರಲ್ಲಿ ಷಿಕಾಗೋದ ವಿಶ್ವ ಪ್ರದರ್ಶನಕ್ಕೆ ಹೋದ ಚಿತ್ರಗಳಿಗೆ ಪದಕಗಳು ಬಂದವು. ಮರುವರ್ಷವೇ ಮುದ್ರಣಾಲಯ ತಲೆಯೆತ್ತಿತು.

ಕಲ್ಲು, ಎಣ್ಣೆ, ನೀರು

ಉದ್ಯಮಿ ಗೋವರ್ಧನದಾಸ್ ಖಟಾವ್ ಮಖಂಜಿ ಅವರೊಡನೆ ಪಾಲುದಾರಿಕೆ, ಜರ್ಮನಿಯಿಂದ ಯಂತ್ರಗಳು, ಜರ್ಮನಿಯಿಂದಲೇ ತಂತ್ರಜ್ಞರು. ಅಲ್ಲಿ ನಡೆಯುತ್ತಿದ್ದ ಕೆಲಸ ಬಣ್ಣದ ಕಲ್ಲಚ್ಚು.

ಕಲ್ಲಚ್ಚಿನ ಮೂಲತತ್ತ್ವ ಸರಳ. ಎಣ್ಣೆಯೂ ನೀರೂ ಬೆರೆಯುವುದಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ ಇದನ್ನು ಮುದ್ರಣಕ್ಕೆ ಬಳಸಿದರು. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆಯಬೇಕು. ರಾಸಾಯನಿಕ ಹಚ್ಚಿ ಕಲ್ಲನ್ನು ಹದಗೊಳಿಸಿ, ನೀರಿನಿಂದ ತೇವಗೊಳಿಸಬೇಕು. ಬರೆಯದ ಜಾಗ ನೀರು ಹೀರಿಕೊಳ್ಳುತ್ತದೆ. ಆಮೇಲೆ ಎಣ್ಣೆಯುಕ್ತ ಶಾಯಿಯ ಉರುಳೆ ಆಡಿಸಿದರೆ ಶಾಯಿ ಬರೆದ ಜಾಗಕ್ಕೆ ಮಾತ್ರ ಅಂಟುತ್ತದೆ. ಅದರ ಮೇಲೆ ಕಾಗದ ಒತ್ತಿದರೆ ಅಚ್ಚು ಮೂಡುತ್ತದೆ.

ಒಂದು ಕಲ್ಲಿಗೆ ಒಂದು ಬಣ್ಣ. ಹಾಗಾಗಿ ಬಹುವರ್ಣದ ಚಿತ್ರವೊಂದಕ್ಕೆ ಹತ್ತು, ಹದಿನೈದು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಲ್ಲುಗಳು ಬೇಕಾಗುತ್ತಿದ್ದವು. ಮೂಲ ತೈಲಚಿತ್ರವನ್ನು ಎದುರಿಗಿಟ್ಟುಕೊಂಡು ಕಲ್ಲಚ್ಚು ಕಲಾವಿದ ಬಣ್ಣಗಳನ್ನು ಕಣ್ಣಿನಿಂದಲೇ ಬಿಡಿಸುತ್ತಿದ್ದ. ಲಕ್ಷ್ಮಿಯ ಸೀರೆಯಲ್ಲಿ ಹಳದಿ ಎಷ್ಟು, ತಿಳಿಗೆಂಪು ಎಷ್ಟು, ಕಡುಗೆಂಪು ಎಲ್ಲಿ, ನೆರಳಿಗೆ ಕಂದು ಎಷ್ಟು ಎಂದು ಅಳೆದು, ಒಂದೊಂದಕ್ಕೂ ಒಂದೊಂದು ಕಲ್ಲಿನ ಮೇಲೆ ಸಣ್ಣ ಸಣ್ಣ ಚುಕ್ಕೆಗಳನ್ನಿಟ್ಟು ಚಿತ್ರ ಬರೆಯುತ್ತಿದ್ದ. ಸಾಮಾನ್ಯವಾಗಿ ತಿಳಿಬಣ್ಣಗಳು ಮೊದಲು, ಗಾಢ ಬಣ್ಣಗಳು ಆಮೇಲೆ. ಒಂದೇ ಹಾಳೆ ಅಷ್ಟೂ ಕಲ್ಲುಗಳ ಮೇಲಿನಿಂದ ಒಂದೊಂದಾಗಿ ಹಾದು ಬರಬೇಕು. ಪ್ರತಿ ಕಲ್ಲಿನ ಅಂಚಿನಲ್ಲೂ ಗುರುತುಗಳಿರುತ್ತಿದ್ದವು. ಅವು ಕೂದಲೆಳೆಯಷ್ಟು ತಪ್ಪಿದರೂ ದೇವಿಯ ತುಟಿಯ ಕೆಂಪು ಕೆನ್ನೆಗೆ ಜಾರುತ್ತಿತ್ತು. ಕಡೆಯಲ್ಲಿ ಮೆರುಗೆಣ್ಣೆ ಹಚ್ಚಿ, ಕೆಲವಕ್ಕೆ ಕ್ಯಾನ್ವಾಸಿನಂತಹ ತರಿ ಒತ್ತಿ, ನೋಡುವವರಿಗೆ ತೈಲಚಿತ್ರವೆಂಬ ಭಾವನೆ ಬರುವಂತೆ ಮಾಡುತ್ತಿದ್ದರು. ಓಲಿಯೋಗ್ರಾಫ್ ಎಂಬ ಹೆಸರು ಬಂದದ್ದು ಇದರಿಂದಲೇ.

ಫೋಟೋಶಾಪ್ ಬಲ್ಲವರಿಗೆ ಇದು ಅಪರಿಚಿತವೆನಿಸದು. ಪದರದ ಮಿಶ್ರಣ ವಿಧಾನಗಳ ಪಟ್ಟಿಯಲ್ಲಿ ಮಲ್ಟಿಪ್ಲೈ ಎಂಬುದೊಂದಿದೆ. ಅದನ್ನು ಆರಿಸಿದರೆ ಮೇಲಿನ ಪದರದ ಬಣ್ಣದ ಬೆಲೆಯನ್ನು ಕೆಳಗಿನದರ ಬೆಲೆಯಿಂದ ಗುಣಿಸಿ 255ರಿಂದ ಭಾಗಿಸಲಾಗುತ್ತದೆ. ಕೆಳಗೆ 200, ಮೇಲೆ 128 ಇದ್ದರೆ ಫಲ ಸುಮಾರು 100. ಅಂದರೆ ಚಿತ್ರ ಯಾವಾಗಲೂ ಕಪ್ಪಿನತ್ತ ಸಾಗುತ್ತದೆ, ಬಿಳಿಯ ಮೇಲೆ ಮಾತ್ರ ಮೇಲಿನ ಬಣ್ಣ ಇದ್ದಂತೆಯೇ ಉಳಿಯುತ್ತದೆ. ಬಿಳಿಯ ಕಾಗದದ ಮೇಲೆ ಪಾರದರ್ಶಕ ಶಾಯಿ ಮಾಡುವುದೂ ಇದನ್ನೇ. ಹಳದಿಯ ಮೇಲೆ ನೀಲಿ ಬಿದ್ದಲ್ಲಿ ಹಸಿರು. ತಿಳಿಗೆಂಪಿನ ಮೇಲೆ ಕಂದು ಬಿದ್ದಲ್ಲಿ ನೆರಳು. ಕಲ್ಲಿನ ಮೇಲೆ ಚುಕ್ಕೆಗಳನ್ನು ವಿರಳಗೊಳಿಸಿ ಬಣ್ಣ ತಿಳಿಯಾಗಿಸುತ್ತಿದ್ದರೆ, ಪರದೆಯ ಮೇಲೆ ಪಾರದರ್ಶಕತೆಯ ಪ್ರಮಾಣ ಬದಲಿಸುತ್ತಾರೆ. ಕಲ್ಲಿನ ಬರೆಯದ ಜಾಗದಲ್ಲಿ ನೀರು ಶಾಯಿಯನ್ನು ತಡೆಯುತ್ತಿತ್ತು; ಪರದೆಯ ಮೇಲೆ ಮಾಸ್ಕ್ ಎಂಬ ಮರೆ ಬಣ್ಣವನ್ನು ತಡೆಯುತ್ತದೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕಂಪ್ಯೂಟರಿನಲ್ಲಿ ಪದರಗಳನ್ನು ಹಾಗೆಯೇ ಉಳಿಸಿಕೊಂಡರೆ ಮೂಲ ಚಿತ್ರಕ್ಕೆ ಧಕ್ಕೆಯಿಲ್ಲ. ನಾಳೆ ಬಂದು ಸೀರೆಯ ಕೆಂಪನ್ನು ಹಸಿರಾಗಿಸಬಹುದು. ಕಲ್ಲಚ್ಚಿನಲ್ಲಿ ಮುದ್ರಣ ಮುಗಿದ ಮೇಲೆ ಕಲ್ಲನ್ನು ಉಜ್ಜಿ ಚಿತ್ರ ಅಳಿಸಿ ಮುಂದಿನ ಚಿತ್ರಕ್ಕೆ ಬಳಸುವುದು ರೂಢಿ. ಕಲ್ಲು ದುಬಾರಿ. ಹಿಂದಿನ ದೇವರನ್ನು ಅಳಿಸದೆ ಮುಂದಿನ ದೇವರಿಗೆ ಜಾಗವಿರಲಿಲ್ಲ.

ಗೆಲುವಿನ ಬೆಲೆ

ಮುದ್ರಣಾಲಯದ ಮೊದಲ ಚಿತ್ರ ಶಕುಂತಲೆಯ ಜನನ. ಬಳಿಕ ಲಕ್ಷ್ಮಿ, ಸರಸ್ವತಿ ಮೊದಲಾದವರು ಬಂದರು. ದೇವಸ್ಥಾನದ ಗರ್ಭಗುಡಿಯ ಕತ್ತಲಲ್ಲಿ, ದೂರದಲ್ಲಿ, ಅಲಂಕಾರಗಳ ನಡುವೆ ಕಾಣುತ್ತಿದ್ದ ದೇವತೆ ಈಗ ಮನೆಯ ಗೋಡೆಯ ಮೇಲೆ ಮುಖಾಮುಖಿಯಾದಳು. ದೇವಸ್ಥಾನದ ಬಾಗಿಲೇ ಮುಚ್ಚಿದ್ದ ಜಾತಿಗಳ ಜನರಿಗೂ ಅಂಗಡಿಯ ಬಾಗಿಲು ತೆರೆದಿತ್ತು. ಕಾಸು ಕೊಟ್ಟರೆ ದೇವರು ಮನೆಗೆ ಬರುತ್ತಿದ್ದ. ಯಾವ ಚಳವಳಿಯ ಘೋಷಣೆಯೂ ಇಲ್ಲದೆ ನಡೆದ ಈ ಬದಲಾವಣೆಯ ಆಳವನ್ನು ಅಳೆಯುವುದು ಕಷ್ಟ.

ಜನ ಆ ಚಿತ್ರಗಳನ್ನು ಸುಮ್ಮನೆ ತೂಗುಹಾಕಲಿಲ್ಲ. ಹಲವು ಮನೆಗಳಲ್ಲಿ ದೇವಿಯ ಸೀರೆಯ ಮೇಲೆ ನಿಜವಾದ ಬಟ್ಟೆಯ ತುಂಡು ಅಂಟಿಸಿದರು. ಅಂಚಿಗೆ ಜರಿ ಹೊಲಿದರು. ಆಭರಣಗಳ ಜಾಗದಲ್ಲಿ ಮಣಿ, ಮಿನುಗುಬಿಲ್ಲೆಗಳನ್ನು ಕೂರಿಸಿದರು. ಹದಿನೈದು ಕಲ್ಲುಗಳ ಮೇಲೆ ಮನೆಯೊಡತಿಯ ಕೈಯಿಂದ ಬಿದ್ದ ಹದಿನಾರನೆಯ ಪದರ ಅದು. ಹಾಗೆ ಸಿಂಗರಿಸಿದ ಚಿತ್ರಗಳನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ಹೊರಗಿನ ಈ ಗೆಲುವಿನ ಒಳಗೆ ಲೆಕ್ಕದ ಪುಸ್ತಕ ಬೇರೆಯೇ ಕಥೆ ಹೇಳುತ್ತಿತ್ತು. ಯಂತ್ರ, ಕಲ್ಲು, ಶಾಯಿ, ಪರದೇಶದ ತಂತ್ರಜ್ಞರ ಸಂಬಳ ಎಲ್ಲವೂ ಭಾರಿ ವೆಚ್ಚದವು. ಪಾಲುದಾರಿಕೆ ಬಹುಕಾಲ ಬಾಳಲಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಕೆಲಸಗಾರರು ಊರು ಬಿಟ್ಟರು, ಯಂತ್ರಗಳು ನಿಂತವು. ಮುದ್ರಣಾಲಯ ನಗರದಿಂದ ಹೊರಬಿದ್ದು ಕಡೆಗೆ ಲೋಣಾವಳದ ಸಮೀಪದ ಮಳವಲಿ ಎಂಬ ಹಳ್ಳಿ ಸೇರಿತು. ಸಾಲ ಬೆಳೆಯಿತು. ಸಾಲ ತೀರಿಸಲು ರವಿವರ್ಮ ಮತ್ತೆ ಅರಮನೆಗಳ, ಅಧಿಕಾರಿಗಳ ಭಾವಚಿತ್ರಗಳನ್ನು ಒಪ್ಪಿಕೊಳ್ಳಬೇಕಾಯಿತು. ಅರಮನೆಯ ಗೋಡೆಗಳಿಂದ ಚಿತ್ರಕಲೆಯನ್ನು ಬಿಡಿಸಲು ಹೊರಟವರು, ಆ ಬಿಡುಗಡೆಯ ವೆಚ್ಚ ಭರಿಸಲು ಅದೇ ಗೋಡೆಗಳಿಗೆ ಮರಳಿದರು.

ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಮುದ್ರಣಾಲಯವನ್ನು ಅಲ್ಲಿಯೇ ಕೆಲಸ ಮಾಡುತ್ತಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್ ಅವರಿಗೆ ಮಾರಲಾಯಿತು. ಯಂತ್ರಗಳ ಜೊತೆಗೆ ಹಲವಾರು ಚಿತ್ರಗಳ ಮುದ್ರಣದ ಹಕ್ಕೂ ಹೋಯಿತು, ಹೆಸರೂ ಹೋಯಿತು. ಆಮೇಲೆ ರವಿವರ್ಮ ಪ್ರೆಸ್ ಎಂಬ ಮುದ್ರೆಯಡಿ ಬಂದ ಎಲ್ಲ ಚಿತ್ರಗಳೂ ರವಿವರ್ಮರವಲ್ಲ. ಬೇರೆ ಕಲಾವಿದರವೂ ಅದೇ ಹೆಸರಿನಲ್ಲಿ ಮನೆಮನೆ ಸೇರಿದವು. ಬಣ್ಣ ಎಷ್ಟಿರಬೇಕು, ಸೀರೆ ಯಾವ ಬಣ್ಣದ್ದಾಗಿರಬೇಕು, ಹಿನ್ನೆಲೆಯಲ್ಲಿ ಏನಿರಬೇಕು ಎಂಬುದನ್ನು ಪೇಟೆಯ ಬೇಡಿಕೆ ನಿರ್ಧರಿಸತೊಡಗಿತು. ಚಿತ್ರಗಳು ಬಟ್ಟೆ ಗಿರಣಿಗಳ ಚೀಟಿಗಳಿಗೆ, ಬೆಂಕಿಪೊಟ್ಟಣಗಳಿಗೆ, ಕ್ಯಾಲೆಂಡರುಗಳಿಗೆ ಹಬ್ಬಿದವು. ಶ್ಲೈಷರ್ ಅವರ ಕೈಯಲ್ಲಿ ಉದ್ಯಮ ಬೆಳೆಯಿತು. ಭಾರತೀಯ ಚಲನಚಿತ್ರದ ಪಿತಾಮಹರೆನಿಸಿದ ದಾದಾಸಾಹೇಬ್ ಫಾಲ್ಕೆ ಕೂಡ ಕೆಲಕಾಲ ಈ ಮುದ್ರಣಾಲಯಕ್ಕಾಗಿ ದುಡಿದವರು. ಪುರಾಣದ ಪಾತ್ರಗಳಿಗೆ ಮುಖ ಕೊಟ್ಟ ಸ್ಥಳದಿಂದಲೇ ಅವುಗಳಿಗೆ ಚಲನೆ ಕೊಟ್ಟವರೂ ಬಂದರೆಂಬುದು ಗಮನಾರ್ಹ.

ಕೊನೆಯ ಚಿತ್ರಗಳು

1904ರಲ್ಲಿ ಬ್ರಿಟಿಷ್ ಸರ್ಕಾರ ರವಿವರ್ಮರಿಗೆ ಕೈಸರ್-ಇ-ಹಿಂದ್ ಚಿನ್ನದ ಪದಕ ನೀಡಿತು. ಆ ಹೊತ್ತಿಗೆ ಮೈಸೂರಿನಿಂದ ಮತ್ತೆ ಕರೆ ಬಂದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗಾಗಿ ಪುರಾಣ ವಿಷಯದ ಒಂಬತ್ತು ಚಿತ್ರಗಳನ್ನು ಬರೆಯಬೇಕಿತ್ತು. ಕೆಲಸ ನಡೆದಿರುವಾಗಲೇ, 1905ರ ಜನವರಿಯಲ್ಲಿ, ತಮ್ಮ ರಾಜರಾಜವರ್ಮ ತೀರಿಕೊಂಡರು. ದಶಕಗಳ ಕಾಲ ಒಂದೇ ಕ್ಯಾನ್ವಾಸಿನ ಮೇಲೆ ಅಣ್ಣನ ಮುಂಬದಿಗೆ ಹಿಂಬದಿಯಾಗಿ ನಿಂತಿದ್ದ ಕೈ ಇಲ್ಲವಾಯಿತು. ಪತ್ನಿ 1891ರಲ್ಲೇ ಅಗಲಿದ್ದರು. ಮಧುಮೇಹ ಶರೀರವನ್ನು ಕುಗ್ಗಿಸಿತ್ತು. ಆದರೂ ಮೈಸೂರಿನ ಕೆಲಸವನ್ನು ಅವರು ಕೈಬಿಡಲಿಲ್ಲ. ಮರುವರ್ಷ, 1906ರ ಅಕ್ಟೋಬರ್ 2ರಂದು, ಹುಟ್ಟಿದ ಕಿಳಿಮಾನೂರಿನಲ್ಲೇ ರವಿವರ್ಮ ಕಣ್ಮುಚ್ಚಿದರು. ವಯಸ್ಸು ಐವತ್ತೆಂಟು.

ಅವರ ನಂತರ ಟೀಕೆಯ ಗಾಳಿ ಬಲವಾಗಿಯೇ ಬೀಸಿತು. ಬಂಗಾಳದ ಅವನೀಂದ್ರನಾಥ ಠಾಕೂರರ ಬಳಗ, ಸೋದರಿ ನಿವೇದಿತಾ, ಆನಂದ ಕುಮಾರಸ್ವಾಮಿ ಮೊದಲಾದವರಿಗೆ ರವಿವರ್ಮರ ಚಿತ್ರಗಳು ಪಾಶ್ಚಾತ್ಯ ವಿಧಾನದಲ್ಲಿ ಬರೆದ ನಾಟಕದ ದೃಶ್ಯಗಳಂತೆ ಕಂಡವು. ದೇವತೆಗಳು ತೀರ ಮನುಷ್ಯರಾದರೆಂಬುದು ಅವರ ಆಕ್ಷೇಪ. ಮೈಸೂರಿನ ಕೆ. ವೆಂಕಟಪ್ಪ ಕಲ್ಕತ್ತೆಗೆ ಹೋಗಿ ಕಲಿತದ್ದು ಇದೇ ಬಳಗದಲ್ಲಿ. ಅಲ್ಲಿಯೂ ಬಣ್ಣ ಪದರ ಪದರವಾಗಿಯೇ ಏರುತ್ತಿತ್ತು. ಆದರೆ ಅದು ಕಾಗದವನ್ನು ಮತ್ತೆ ಮತ್ತೆ ತೋಯಿಸಿ, ತೆಳು ಜಲವರ್ಣವನ್ನು ಮಂಜಿನಂತೆ ಹರಡುವ ಬಗೆ. ವೆಂಕಟಪ್ಪನವರ ಉದಕಮಂಡಲದ, ಕೊಡೈಕೆನಾಲಿನ ನಿಸರ್ಗಚಿತ್ರಗಳಲ್ಲಿ ಅದರ ಸೊಬಗನ್ನು ಕಾಣಬಹುದು. ವೆಂಕಟಪ್ಪ ತಮ್ಮ ಒಂದೊಂದು ಚಿತ್ರವನ್ನೂ ಕಾಪಾಡಿಕೊಂಡರು. ರವಿವರ್ಮ ತಮ್ಮದನ್ನು ಸಾವಿರ ಕೈಗಳಿಗೆ ಹಂಚಿದರು. ಇಬ್ಬರ ಹಾದಿಗಳೂ ಮೈಸೂರಿನ ಜಗನ್ಮೋಹನ ಅರಮನೆಯಂತಹ ಒಂದೇ ಸಂಸ್ಥಾನದ ಗೋಡೆಗಳ ನಡುವೆ ಹಾದುಹೋದವು.

ಟೀಕಾಕಾರರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ರವಿವರ್ಮರು ಕೊಟ್ಟ ಒಂದೇ ಮುಖ ಎಷ್ಟು ಗಟ್ಟಿಯಾಗಿ ನೆಲೆಯೂರಿತೆಂದರೆ, ಊರೂರಿನ ಗ್ರಾಮದೇವತೆಗಳ ಬೇರೆ ಬೇರೆ ರೂಪಗಳು ಕ್ಯಾಲೆಂಡರಿನ ಆ ರೂಪದ ಮುಂದೆ ಮಂಕಾದವು. ಆದರೆ ಮುಖವೇ ಕಾಣದಿದ್ದವರಿಗೆ ಮುಖ ತೋರಿಸಿದ್ದೂ ಅದೇ ಚಿತ್ರ. ಈ ಎರಡೂ ಸತ್ಯಗಳು ಒಂದರ ಮೇಲೊಂದು ಕುಳಿತೇ ಇವೆ.

ಮತ್ತೆ ಪರದೆಯ ಮೇಲೆ

ಮಳವಲಿಯ ಮುದ್ರಣಾಲಯ 1972ರಲ್ಲಿ ಬೆಂಕಿಗೆ ತುತ್ತಾಯಿತು. ಹಲವು ಮೂಲ ಮುದ್ರಣಗಳು ಅದರಲ್ಲಿ ಹೋದವು. 1979ರಲ್ಲಿ ಭಾರತ ಸರ್ಕಾರ ರವಿವರ್ಮರ ಕೃತಿಗಳನ್ನು ಕಲಾನಿಧಿಯೆಂದು ಘೋಷಿಸಿ ದೇಶದಿಂದ ಹೊರಗೆ ಒಯ್ಯದಂತೆ ಮಾಡಿತು. ಬೆಂಗಳೂರಿನಲ್ಲಿ ಅವರ ಹೆಸರಿನ ಪ್ರತಿಷ್ಠಾನವೊಂದಿದೆ. ಉಳಿದಿರುವ ಕಲ್ಲಚ್ಚಿನ ಚಿತ್ರಗಳನ್ನು ಕಂಪ್ಯೂಟರಿಗೆ ಏರಿಸಿ ಅಂತರಜಾಲದಲ್ಲಿ ನೋಡುವಂತೆ ಮಾಡುವ ಕೆಲಸವೂ ನಡೆದಿದೆ. 2020ರಲ್ಲಿ ಚೆನ್ನೈನ ಛಾಯಾಗ್ರಾಹಕರೊಬ್ಬರು ಚಿತ್ರನಟಿಯರನ್ನು ರವಿವರ್ಮರ ನಾಯಿಕೆಯರಂತೆ ಕೂರಿಸಿ ತೆಗೆದ ಕ್ಯಾಲೆಂಡರ್ ಚಿತ್ರಗಳು ದೇಶದ ತುಂಬ ಹರಿದಾಡಿದವು. ಅದರ ಬೆನ್ನಿಗೇ ಸಣ್ಣ ಊರುಗಳ ಸ್ಟುಡಿಯೋಗಳಲ್ಲೂ ಅಂತಹ ಚಿತ್ರ ತೆಗೆಸಿಕೊಳ್ಳುವ ಹಂಬಲ ಹುಟ್ಟಿತು.

ಹಳೆಯ ಹಾಳೆಯನ್ನು ಪರದೆಗೆ ತಂದವರಿಗೆ ಅಲ್ಲೊಂದು ಇಕ್ಕಟ್ಟು ಎದುರಾಗುತ್ತದೆ. ನೂರು ವರ್ಷಗಳ ಹೊಗೆ, ಅರಿಶಿನ ಕುಂಕುಮ, ಬಿಸಿಲು, ಹಳದಿಗಟ್ಟಿದ ಮೆರುಗೆಣ್ಣೆ ಇವೆಲ್ಲ ಚಿತ್ರದ ಮೇಲೆ ಕೂತಿವೆ. ಬಣ್ಣ ತಿದ್ದುವ ಪದರವೊಂದನ್ನು ಮೇಲೆ ಹಾಕಿ ಹಳದಿಯನ್ನು ತಗ್ಗಿಸಿದರೆ ಸರಸ್ವತಿಯ ಸೀರೆ ಬೆಳ್ಳಗಾಗುತ್ತದೆ. ಇನ್ನೂ ಸ್ವಲ್ಪ ತಗ್ಗಿಸಿದರೆ ಕಲ್ಲಿನ ಮೇಲೆ ಕಲಾವಿದ ಬೇಕೆಂದೇ ಇಟ್ಟ ಹಳದಿಯೂ ಮಾಯವಾಗುತ್ತದೆ. ಎಲ್ಲಿ ಕಾಲದ ಪದರ ಮುಗಿದು ಕಲಾವಿದನ ಪದರ ಆರಂಭವಾಗುತ್ತದೆ ಎಂಬುದನ್ನು ತಂತ್ರಾಂಶ ಹೇಳುವುದಿಲ್ಲ. ಅದಕ್ಕೆ ಜಗನ್ಮೋಹನ ಅರಮನೆಗೆ ಹೋಗಿ ರವಿವರ್ಮರ ಮೂಲ ತೈಲಚಿತ್ರಗಳ ಎದುರು ನಿಲ್ಲಬೇಕು. ಅಲ್ಲಿ ನೆರಳು ಎಷ್ಟು ಮೃದು, ಕೆಂಪು ಎಷ್ಟು ಸಂಯಮದ್ದು ಎಂಬುದು ಕಂಡಾಗ ಗೋಡೆಯ ಮೇಲಿನ ಕ್ಯಾಲೆಂಡರ್ ಬೇರೆಯೇ ಆಗಿ ತೋರುತ್ತದೆ.

ಚನ್ನಗಿರಿಯಲ್ಲೋ ಜಗಳೂರಿನಲ್ಲೋ ಹಳೆಯ ಮನೆ ಕೆಡವುವಾಗ ಅಟ್ಟದ ಮೇಲೆ ಒಡೆದ ಗಾಜಿನ, ಗೆದ್ದಲು ಹಿಡಿದ ಚೌಕಟ್ಟಿನ ಚಿತ್ರವೊಂದು ಸಿಕ್ಕರೆ ಅದನ್ನು ಹೊಳೆಗೆ ಬಿಡುವ ಮುನ್ನ ಅಂಚನ್ನೊಮ್ಮೆ ನೋಡುವುದು ಒಳಿತು. ಕೆಳಗೆ ಸಣ್ಣ ಅಕ್ಷರಗಳಲ್ಲಿ ಮುದ್ರಣಾಲಯದ ಹೆಸರಿರಬಹುದು. ಭೂತಗಾಜು ಹಿಡಿದರೆ ದೇವಿಯ ಕೆನ್ನೆ ಸಾವಿರಾರು ಚುಕ್ಕೆಗಳಾಗಿ ಬಿಡಿಬಿಡಿಯಾಗುತ್ತದೆ. ಹಳದಿ, ತಿಳಿಗೆಂಪು, ಕಂದು. ಒಂದೊಂದು ಬಣ್ಣವೂ ಬೇರೆ ಬೇರೆ ಕಲ್ಲಿನಿಂದ ಬಂದದ್ದು, ಹೆಸರು ಉಳಿಯದ ಕೆಲಸಗಾರರ ಕೈ ಸೋಕಿದ್ದು. ಆ ಕಲ್ಲುಗಳನ್ನು ಎಂದೋ ಉಜ್ಜಿ ಅಳಿಸಲಾಗಿದೆ. ಅವುಗಳ ಗುರುತು ಈಗ ಉಳಿದಿರುವುದು ಆ ಹಾಳೆಯ ಮೇಲೆ ಮಾತ್ರ.